ಮಳೆಯ ಲೆಕ್ಕ, ಹೊಳೆಯ ಲೆಕ್ಕ

ನಿಮ್ಮ ಊರಿನ ಕೆರೆಯ ಕೋಡಿಯನ್ನು ನೀವು ಹಲವು ಸಲ ನೋಡಿರುತ್ತೀರಿ. ಕೆರೆ ತುಂಬಿದ ವರ್ಷ ಕೋಡಿ ಹರಿಯುವುದನ್ನು ನೋಡಲು ಊರಿಗೆ ಊರೇ ಹೋಗುತ್ತದೆ, ಬಾಗಿನ ಅರ್ಪಿಸುತ್ತದೆ. ಆದರೆ ಆ ಕೋಡಿ ಇಷ್ಟೇ ಅಗಲ ಏಕಿದೆ, ಹತ್ತು ಅಡಿ ಹೆಚ್ಚೋ ಕಡಿಮೆಯೋ ಏಕಿಲ್ಲ ಎಂದು ಕೇಳುವವರು ಅಪರೂಪ. ಕೋಡಿ ಕಿರಿದಾದರೆ ನೀರು ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿತೆಂದರೆ ಕೆರೆ ಒಡೆಯಿತೆಂದೇ ತಿಳಿಯಬೇಕು. ಕೋಡಿ ಅಗತ್ಯಕ್ಕಿಂತ ದೊಡ್ಡದಾದರೆ ಊರಿನ ದುಡ್ಡು ವೃಥಾ ಕಲ್ಲು ಗಾರೆಗೆ ಹೋಗುತ್ತದೆ. ಈ ಎರಡರ ನಡುವೆ ಯಾರೋ ಒಬ್ಬರು ಒಂದು ಸಂಖ್ಯೆಯನ್ನು ನಿರ್ಧರಿಸಿದ್ದಾರೆ. ಈ ಹಳ್ಳದಲ್ಲಿ ಬರಬಹುದಾದ ಅತಿ ದೊಡ್ಡ ನೆರೆ ಇಷ್ಟು ಎಂಬ ಸಂಖ್ಯೆ ಅದು. ಸೇತುವೆಯ ಕಣ್ಣು, ಅಣೆಕಟ್ಟೆಯ ಬಾಗಿಲು, ನಗರದ ಚರಂಡಿ, ಎಲ್ಲಕ್ಕೂ ಅದೇ ಆಧಾರ.

ಆ ಸಂಖ್ಯೆಯನ್ನು ಮನುಷ್ಯ ಹೇಗೆ ಕಂಡುಕೊಂಡ, ಎಲ್ಲಿ ಎಡವಿದ, ಮುಂದಿನ ತಲೆಮಾರಿಗೆ ಅದನ್ನು ಹೇಗೆ ಕಲಿಸಿದ ಎಂಬುದನ್ನು ಇಲ್ಲಿ ನೋಡೋಣ.

ಕಾಲುವೆಯ ದಡದ ಪಾಠಶಾಲೆ

ನಮ್ಮ ದೇಶದಲ್ಲಿ ಇಂಜಿನಿಯರಿಂಗ್ ಶಿಕ್ಷಣದ ಮೊದಲ ಕಾಲೇಜು 1847ರಲ್ಲಿ ರೂರ್ಕಿಯಲ್ಲಿ ಆರಂಭವಾಯಿತು. ಅದಕ್ಕೆ ಕಾರಣ ಗಂಗಾ ಕಾಲುವೆ. ಹರಿದ್ವಾರದಿಂದ ಹೊರಟ ಆ ಕಾಲುವೆಗೆ ಮೊದಲ ಇಪ್ಪತ್ತು ಮೈಲಿಯೊಳಗೇ ಶಿವಾಲಿಕ್ ಬೆಟ್ಟಗಳಿಂದ ಇಳಿಯುವ ನಾಲ್ಕು ತೊರೆಗಳು ಅಡ್ಡ ಬಂದವು. ರಾಣಿಪುರ ಮತ್ತು ಪಥರಿ ತೊರೆಗಳನ್ನು ಕಾಲುವೆಯ ಮೇಲೆ ಹಾಯಿಸಲಾಯಿತು. ರತ್ಮೌ ತೊರೆಯನ್ನು ಕಾಲುವೆಯ ಮಟ್ಟದಲ್ಲೇ ದಾಟಿಸಲಾಯಿತು. ಸೋಲಾನಿ ನದಿಯ ಮೇಲೆ ಕಾಲುವೆಯನ್ನೇ ಮೇಲ್ಗಾಲುವೆಯಾಗಿ ಕೊಂಡೊಯ್ಯಲಾಯಿತು. ಬೇಸಿಗೆಯಲ್ಲಿ ಬರಿಯ ಮರಳು ಹಾಸಾಗಿರುವ ಈ ತೊರೆಗಳು ಮಳೆಗಾಲದಲ್ಲಿ ಎಷ್ಟು ನೀರು ತರುತ್ತವೆ ಎಂಬುದು ಗೊತ್ತಿಲ್ಲದೆ ಒಂದು ಕಂಬವನ್ನೂ ನಿಲ್ಲಿಸುವಂತಿರಲಿಲ್ಲ. 1854ರಲ್ಲಿ ಕಾಲುವೆಗೆ ನೀರು ಬಿಟ್ಟರು. ಈ ಕಾಮಗಾರಿಗೆ ಬೇಕಾದ ಜನರನ್ನು ತರಬೇತು ಮಾಡಲೆಂದೇ ಹುಟ್ಟಿದ ಕಾಲೇಜು ಅದು.

ಲೆಕ್ಕದ ಮೊದಲ ತತ್ತ್ವ ಅದೇ ಸುಮಾರಿಗೆ ಐರ್ಲೆಂಡಿನಲ್ಲಿ ರೂಪುಗೊಂಡಿತು. ಅಲ್ಲಿ ಜೌಗು ನೆಲದ ನೀರನ್ನು ಹೊರಹಾಕುವ ಕೆಲಸದಲ್ಲಿದ್ದ ಥಾಮಸ್ ಮಲ್ವಾನಿ 1851ರಲ್ಲಿ ಒಂದು ಸರಳ ವಿಚಾರವನ್ನು ಮುಂದಿಟ್ಟ. ಜಲಾನಯನದ ಅತಿ ದೂರದ ಮೂಲೆಯಲ್ಲಿ ಬಿದ್ದ ಹನಿ ಹಳ್ಳದ ಬಾಯಿಗೆ ತಲುಪಲು ಇಂತಿಷ್ಟು ಹೊತ್ತು ಬೇಕು. ಮಳೆ ಅಷ್ಟು ಹೊತ್ತು ಬಿಡದೆ ಸುರಿದರೆ ಮಾತ್ರ ಎಲ್ಲ ಮೂಲೆಗಳ ನೀರೂ ಒಟ್ಟಿಗೆ ಬಂದು ಸೇರುತ್ತದೆ. ಆಗಲೇ ಹರಿವು ಅತ್ಯಧಿಕ. ಆದ್ದರಿಂದ ಕೇಳಬೇಕಾದ ಪ್ರಶ್ನೆ ದಿನಕ್ಕೆ ಎಷ್ಟು ಮಳೆ ಎಂಬುದಲ್ಲ. ಆ ಹೊತ್ತಿನೊಳಗೆ ಎಷ್ಟು ರಭಸದ ಮಳೆ ಎಂಬುದು. 1889ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಒಳಚರಂಡಿಗಳ ಅಳತೆಯಿಂದ ಎಮಿಲ್ ಕುಯಿಚ್ಲಿಂಗ್ ಇದನ್ನು ನಗರಗಳಿಗೆ ಅನ್ವಯಿಸಿದ.

ಈ ಲೆಕ್ಕವನ್ನು ನೀವೂ ಮಾಡಬಹುದು. ಒಂದು ಎಕರೆ ನೆಲದ ಮೇಲೆ ಗಂಟೆಗೆ ಒಂದು ಅಂಗುಲದಂತೆ ಮಳೆ ಬಿದ್ದು, ಬಿದ್ದುದೆಲ್ಲ ಹರಿದುಹೋದರೆ, ಆ ಹರಿವು ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 1 ಕ್ಯೂಸೆಕ್. ನೆಲ ಅರ್ಧ ನೀರನ್ನು ಕುಡಿದರೆ ಹರಿವು ಅರ್ಧ ಕ್ಯೂಸೆಕ್. ಮಳೆಯ ರಭಸ, ನೆಲದ ವಿಸ್ತಾರ, ನೆಲದ ಗುಣ, ಈ ಮೂರನ್ನು ಗುಣಿಸಿದರೆ ಉತ್ತರ ಸಿಕ್ಕಿತು. ಇಂದಿಗೂ ಸಣ್ಣ ಚರಂಡಿಗಳ ಲೆಕ್ಕಕ್ಕೆ ಇದೇ ಮೂಲಪಾಠ.

ಸೂತ್ರಗಳ ಕಾಲ

ಆದರೆ ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಗಂಟೆ ಗಂಟೆಯ ಮಳೆಯನ್ನು ಬರೆದಿಡುವ ಉಪಕರಣಗಳು ಎಲ್ಲಿದ್ದವು? ರೈಲು ಹಳಿಗಳು ಹಳ್ಳಕೊಳ್ಳಗಳನ್ನು ದಾಟುತ್ತಾ ಸಾಗುತ್ತಿದ್ದವು. ಕೆಲಸ ಕಾಯುವಂತಿರಲಿಲ್ಲ. ಹೀಗಾಗಿ ಜಲಾನಯನದ ವಿಸ್ತೀರ್ಣ ಒಂದನ್ನೇ ಹಿಡಿದು ನೆರೆಯನ್ನು ಹೇಳುವ ಸೂತ್ರಗಳು ಹುಟ್ಟಿದವು. 1865ರಲ್ಲಿ ಕರ್ನಲ್ ಡಿಕೆನ್ಸ್ ಬಂಗಾಳದ ಅನುಭವದಿಂದ ಒಂದು ಸೂತ್ರ ಕೊಟ್ಟ. ಚದರ ಮೈಲಿಯಲ್ಲಿ ವಿಸ್ತೀರ್ಣವನ್ನು ತೆಗೆದುಕೊಂಡು, ಅದರ ಮುಕ್ಕಾಲು ಘಾತವನ್ನು ಕಂಡು, 825ರಿಂದ ಗುಣಿಸಬೇಕು. ಬರುವುದು ಕ್ಯೂಸೆಕ್‌ನಲ್ಲಿ ನೆರೆಯ ಪ್ರಮಾಣ. 1884ರಲ್ಲಿ ಮದರಾಸು ಪ್ರಾಂತಕ್ಕಾಗಿ ರೈವ್ಸ್ ಕೊಟ್ಟ ಸೂತ್ರದಲ್ಲಿ ಮುಕ್ಕಾಲರ ಬದಲು ಮೂರನೇ ಎರಡು ಘಾತ. ಗುಣಕ ಕರಾವಳಿಯ ಹತ್ತಿರ 450, ಬೆಟ್ಟಗಳ ಬಳಿ 675. ದಕ್ಷಿಣ ಭಾರತದ ಎಷ್ಟೋ ಕೆರೆಗಳ ಕೋಡಿಗಳು ಈ ಸೂತ್ರದ ಆಧಾರದಲ್ಲಿ ಕಟ್ಟಿದವು. 1930ರ ಸುಮಾರಿಗೆ ಪಶ್ಚಿಮ ಘಟ್ಟದ ಭೋರ್ಗರೆಯುವ ಹೊಳೆಗಳಿಗಾಗಿ ಮುಂಬಯಿ ಪ್ರಾಂತದಲ್ಲಿ ಇಂಗ್ಲಿಸ್ ಬೇರೊಂದು ಸೂತ್ರ ಕೊಟ್ಟ.

ಈ ಸೂತ್ರಗಳು ಸುಳ್ಳಲ್ಲ. ಒಂದು ಸೀಮೆಯಲ್ಲಿ ಆವರೆಗೆ ಕಂಡ ನೆರೆಗಳ ಸಾರಾಂಶ ಅವು. ತೊಂದರೆ ಇರುವುದು ಆ ಗುಣಕದಲ್ಲಿ. 825 ಎಂಬ ಅಂಕಿಯೊಳಗೆ ಬಂಗಾಳದ ಮಳೆ, ಮಣ್ಣು, ಇಳಿಜಾರು ಎಲ್ಲವೂ ಅಡಗಿ ಕುಳಿತಿವೆ. ಅದನ್ನು ಬೇರೆ ನೆಲಕ್ಕೆ ಹೊತ್ತು ತಂದರೆ ಏನಾದೀತು? ಅದಕ್ಕೆ ಉತ್ತರ ಹೈದರಾಬಾದಿನಲ್ಲಿ ಸಿಕ್ಕಿತು.

ಮೂಸಿಯ ಪಾಠ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದ್ ನಗರದೊಳಕ್ಕೆ ನುಗ್ಗಿತು. ಸುಮಾರು 15,000 ಜನ ಸತ್ತರೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಒಂದು ಹುಣಿಸೆಮರವನ್ನು ಹತ್ತಿ ಸುಮಾರು 150 ಜನ ಬದುಕಿಕೊಂಡರೆಂದು ಆ ನಗರ ಇಂದಿಗೂ ನೆನೆಯುತ್ತದೆ. ಮುಂದೆ ಇಂಥದು ಆಗದಂತೆ ದಾರಿ ತೋರಿಸಲು ನಿಜಾಮರ ಸರಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಪ್ರಾಂತದ ಸೇವೆಯಿಂದ ಬಿಡುಗಡೆ ಪಡೆದು ಅವರು ವಿದೇಶ ಪ್ರವಾಸದಲ್ಲಿದ್ದಾಗ ಈ ಕರೆ ಬಂದಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದರು.

ಅವರು ಮೊದಲು ಮಾಡಿದ್ದು ಸೂತ್ರದ ಪುಸ್ತಕ ತೆರೆಯುವುದಲ್ಲ, ಮಳೆ ಮತ್ತು ನೆಲದ ವಿವರಗಳನ್ನು ಕಲೆಹಾಕುವುದು. ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ದಾಖಲಾಗಿತ್ತು. ನಗರದ ಮೇಲ್ಭಾಗದಲ್ಲಿ ಮೂಸಿಯ ಜಲಾನಯನ ಸುಮಾರು 860 ಚದರ ಮೈಲಿ. ಅದರಲ್ಲಿ 788 ಕೆರೆಗಳು, ಹೆಚ್ಚುಕಡಿಮೆ ಮೈಲಿಗೊಂದು. ಅವುಗಳಲ್ಲಿ 221 ಕೆರೆಗಳು ಒಡೆದಿದ್ದವು. ನದಿಯಲ್ಲಿ ಹರಿದ ಗರಿಷ್ಠ ನೆರೆ ಸುಮಾರು 4,25,000 ಕ್ಯೂಸೆಕ್ ಎಂದು ಲೆಕ್ಕವಾಯಿತು.

ಈಗ ನೀವು ಕಾಗದ ಪೆನ್ಸಿಲು ತೆಗೆದುಕೊಳ್ಳಿ. 860ರ ಮುಕ್ಕಾಲು ಘಾತ ಸುಮಾರು 159. ಅದನ್ನು 825ರಿಂದ ಗುಣಿಸಿದರೆ ಡಿಕೆನ್ಸ್ ಸೂತ್ರದ ಉತ್ತರ ಸುಮಾರು 1,31,000 ಕ್ಯೂಸೆಕ್. ರೈವ್ಸ್ ಸೂತ್ರದಲ್ಲಿ 675ರ ಗುಣಕವನ್ನೇ ಹಿಡಿದರೂ ಬರುವುದು ಸುಮಾರು 61,000. ಘಟ್ಟದ ಹೊಳೆಗಳಿಗೆಂದು ಹೇಳಿದ, ಆಗ ಇನ್ನೂ ಹುಟ್ಟಿರದ ಇಂಗ್ಲಿಸ್ ಸೂತ್ರವನ್ನು ಹಾಕಿ ನೋಡಿದರೂ ಸುಮಾರು 2,05,000. ನಿಜವಾಗಿ ಬಂದದ್ದು 4,25,000! ಒಂದು ಸೂತ್ರದ ಮೂರು ಪಟ್ಟಿಗೂ ಹೆಚ್ಚು, ಇನ್ನೊಂದರ ಏಳು ಪಟ್ಟು.

ಮತ್ತೊಂದು ಲೆಕ್ಕವನ್ನೂ ನೋಡಿ. 860 ಚದರ ಮೈಲಿ ಎಂದರೆ ಸುಮಾರು ಐದೂವರೆ ಲಕ್ಷ ಎಕರೆ. 24 ಗಂಟೆಗೆ 12.8 ಅಂಗುಲ ಎಂದರೆ ಸರಾಸರಿ ಗಂಟೆಗೆ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು. ಇಡೀ ಜಲಾನಯನದಲ್ಲಿ ಅಷ್ಟೇ ಮಳೆ ಬಿದ್ದು, ಒಂದು ಹನಿಯೂ ಇಂಗದೆ ಹರಿಯಿತೆಂದು ಭಾವಿಸಿದರೂ ಮೂರು ಲಕ್ಷ ಕ್ಯೂಸೆಕ್ ಮುಟ್ಟುವುದಿಲ್ಲ. ಹಾಗಾದರೆ ಉಳಿದ ನೀರು ಎಲ್ಲಿಯದು? ಒಂದೇ ಊರಿನ ಮಳೆಮಾಪಕ ಇಡೀ ಜಲಾನಯನದ ಕಥೆ ಹೇಳಲಾರದು. ಮಳೆ ಎಲ್ಲ ಗಂಟೆಯೂ ಒಂದೇ ಸಮ ಸುರಿಯುವುದೂ ಇಲ್ಲ. ಇವೆರಡರ ಜೊತೆಗೆ, ಒಡೆದ ಕೆರೆಗಳ ನೀರನ್ನು ಯಾವ ಸೂತ್ರವೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೇಲಿನ ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಅದೂ ಒಡೆದರೆ ಮುಂದಿನದರ ಸರದಿ. ಕೆರೆ ಉಳಿದಿರುವಷ್ಟು ಕಾಲ ನೆರೆಯನ್ನು ತಡೆಯುತ್ತದೆ, ಒಡೆದ ಕ್ಷಣದಿಂದ ತಾನೇ ನೆರೆಯಾಗುತ್ತದೆ.

ವಿಶ್ವೇಶ್ವರಯ್ಯನವರು ನಗರದ ಮೇಲ್ಭಾಗದಲ್ಲಿ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು, ಹೀಗೆ ಎರಡು ಜಲಾಶಯಗಳನ್ನು ಕಟ್ಟಿ ನೆರೆಯನ್ನು ಅಲ್ಲಿಯೇ ತಡೆಹಿಡಿಯಬೇಕೆಂದು ಸಲಹೆ ಮಾಡಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ವಿಶ್ವೇಶ್ವರಯ್ಯನವರು 1909ರ ಕೊನೆಯಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದರು.

ನದಿಯ ನಾಡಿ ಹಿಡಿಯುವ ವಿದ್ಯೆ

ವಿಸ್ತೀರ್ಣದಿಂದ ನೆರೆಯನ್ನು ಊಹಿಸುವ ಪದ್ಧತಿಗೆ ಬದಲಾಗಿ ಮಳೆಯಿಂದಲೇ ನೆರೆಯನ್ನು ಕಟ್ಟುವ ವಿದ್ಯೆ ಬಂದದ್ದು 1932ರಲ್ಲಿ. ಅಮೆರಿಕದ ಲೆರಾಯ್ ಶರ್ಮನ್ ತೋರಿಸಿದ ಈ ಕ್ರಮಕ್ಕೆ ಯೂನಿಟ್ ಹೈಡ್ರೋಗ್ರಾಫ್ ಎಂದು ಹೆಸರು. ಇಂಗಿದ್ದು ಕಳೆದು ಉಳಿದ ಒಂದು ಅಂಗುಲ ಮಳೆಗೆ ನದಿ ಹೇಗೆ ಏರುತ್ತದೆ, ಎಷ್ಟು ಹೊತ್ತಿಗೆ ತುದಿ ಮುಟ್ಟುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಒಂದು ಗೆರೆಯಾಗಿ ಬರೆದುಕೊಳ್ಳಬೇಕು. ಎರಡು ಅಂಗುಲವಾದರೆ ಗೆರೆ ಎರಡು ಪಟ್ಟು ಎತ್ತರ. ಒಂದು ಮಳೆಯ ಹಿಂದೆ ಇನ್ನೊಂದು ಮಳೆ ಬಂದರೆ ಎರಡು ಗೆರೆಗಳನ್ನು ಹಿಂದು ಮುಂದಾಗಿ ಜೋಡಿಸಿ ಕೂಡಿಸಬೇಕು. ವೈದ್ಯರು ನಾಡಿ ಹಿಡಿದು ರೋಗಿಯ ಪ್ರಕೃತಿ ತಿಳಿಯುವಂತೆ ನದಿಯ ಪ್ರಕೃತಿಯನ್ನು ತಿಳಿಯುವ ಬಗೆ ಇದು. ಪ್ರತಿ ನದಿಗೂ ಅದರದೇ ಗೆರೆ; ಬಂಗಾಳದ ಗುಣಕ ಇಲ್ಲಿ ಬೇಕಿಲ್ಲ.

1941ರಲ್ಲಿ ಎಮಿಲ್ ಗುಂಬೆಲ್ ಎಂಬ ಗಣಿತಜ್ಞ ನೆರೆಗಳ ಸಂಭವನೀಯತೆಯ ಲೆಕ್ಕವನ್ನು ಪ್ರಕಟಿಸಿದ. ನಾಜಿಗಳ ವಿರೋಧ ಕಟ್ಟಿಕೊಂಡು ಜರ್ಮನಿ ಬಿಟ್ಟು ಬಂದವನು ಆತ. ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಈ ಮಾತಿನಿಂದ ಆಗಿರುವ ತಪ್ಪು ತಿಳಿವಳಿಕೆ ಅಷ್ಟಿಷ್ಟಲ್ಲ. ಹೋದ ವರ್ಷ ಬಂದಿದೆ, ಇನ್ನು ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ ನೂರಕ್ಕೆ ಒಂದು ಎಂದಷ್ಟೇ ಅರ್ಥ. ನೀವು ಹೊಳೆಯಂಚಿನಲ್ಲಿ ಮನೆ ಕಟ್ಟಿಕೊಂಡು 30 ವರ್ಷ ವಾಸವಾಗಿದ್ದರೆ ಅಂಥ ನೆರೆಯನ್ನು ಒಮ್ಮೆಯಾದರೂ ಕಾಣುವ ಸಂಭವ ನೂರಕ್ಕೆ ಸುಮಾರು 26. 50 ವರ್ಷವಾದರೆ ಸುಮಾರು 39. ಇದು ಕಡೆಗಣಿಸುವ ಮಾತಲ್ಲ.

ಖೋಸ್ಲಾ ಸಮಿತಿ, ಮೋರ್ಬಿಯ ದುರಂತ

ಸ್ವತಂತ್ರ ಭಾರತದಲ್ಲಿ 1956 ಒಂದು ಕಹಿ ವರ್ಷ. ಸೆಪ್ಟೆಂಬರಿನಲ್ಲಿ ಮಹಬೂಬ್‌ನಗರದ ಬಳಿ, ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ, ನೆರೆಯಿಂದ ರೈಲುದಾರಿ ಕುಸಿದು ನೂರಾರು ಪ್ರಯಾಣಿಕರು ಸತ್ತರು. ಅರಿಯಲೂರಿನ ಅಪಘಾತದ ನಂತರ ರೈಲ್ವೆ ಮಂತ್ರಿ ಲಾಲ್ ಬಹಾದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಆ ದಶಕದ ಕೊನೆಯಲ್ಲಿ ಎ.ಎನ್. ಖೋಸ್ಲಾ ಅವರ ಅಧ್ಯಕ್ಷತೆಯ ಇಂಜಿನಿಯರುಗಳ ಸಮಿತಿ, ಸೇತುವೆಗಳಿಗೆ ಹಳೆಯ ಸೂತ್ರಗಳನ್ನು ಬಿಟ್ಟು ಮಳೆ ಮತ್ತು ನದಿಯ ಅಳತೆಗಳ ಆಧಾರದ ಮೇಲೆ ನೆರೆಯನ್ನು ಲೆಕ್ಕ ಹಾಕಬೇಕೆಂದು ಶಿಫಾರಸು ಮಾಡಿತು. ಖೋಸ್ಲಾ ಅವರು ರೂರ್ಕಿಯಲ್ಲಿ ಓದಿದವರು, ಅಲ್ಲಿಯ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಇದರ ಫಲವಾಗಿ ಕೇಂದ್ರ ಜಲ ಆಯೋಗ, ರೈಲ್ವೆ, ಹವಾಮಾನ ಇಲಾಖೆ ಮತ್ತು ರಸ್ತೆ ಸಾರಿಗೆ ಮಂತ್ರಾಲಯ ಕೂಡಿ ದೇಶವನ್ನು 26 ಉಪವಲಯಗಳಾಗಿ ವಿಂಗಡಿಸಿದವು. ಒಂದೊಂದಕ್ಕೂ ಪ್ರತ್ಯೇಕ ನೆರೆ ವರದಿ ಸಿದ್ಧವಾಗತೊಡಗಿತು. ಕೃಷ್ಣೆ ಮತ್ತು ಪೆನ್ನಾರಿಗೆ ಒಂದು, ಕಾವೇರಿಗೆ ಇನ್ನೊಂದು, ಪಶ್ಚಿಮ ಕರಾವಳಿಗೆ ಬೇರೆ. ನಮ್ಮ ರಾಜ್ಯ ಒಂದೇ ಆದರೂ ನಮ್ಮ ನೆರೆ ಒಂದೇ ಬಗೆಯದಲ್ಲ.

ಆದರೆ ಕಲಿತದ್ದು ಎಲ್ಲ ಕಡೆಗೂ ಕೂಡಲೇ ತಲುಪಲಿಲ್ಲ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ನದಿಯ ಎರಡನೆಯ ಅಣೆಕಟ್ಟು ಒಡೆದು ಮೋರ್ಬಿ ಪಟ್ಟಣವನ್ನು ಮುಳುಗಿಸಿತು. ಸಾವಿರಾರು ಜನ ಸತ್ತರು. ಅಣೆಕಟ್ಟಿನ ಕೋಡಿ ಸುಮಾರು ಎರಡು ಲಕ್ಷ ಕ್ಯೂಸೆಕ್ ನೀರಿಗಾಗಿ ರಚಿಸಿದ್ದು. ಬಂದದ್ದು ಅದರ ಸುಮಾರು ಮೂರು ಪಟ್ಟು. ಎಪ್ಪತ್ತು ವರ್ಷಗಳ ಹಿಂದೆ ಮೂಸಿ ಕಲಿಸಿದ ಪಾಠವೇ ಇದು! ಮತ್ತೆ ಕಟ್ಟುವಾಗ ಕೋಡಿಯ ಸಾಮರ್ಥ್ಯವನ್ನು ಹಲವು ಪಟ್ಟು ಹೆಚ್ಚಿಸಲಾಯಿತು. 1985ರಲ್ಲಿ ಭಾರತೀಯ ಮಾನಕವೊಂದು ಬಂದು, ದೊಡ್ಡ ಅಣೆಕಟ್ಟುಗಳಿಗೆ ಆ ಸೀಮೆಯಲ್ಲಿ ಬರಲು ಸಾಧ್ಯವಿರುವ ಗರಿಷ್ಠ ನೆರೆಯನ್ನೂ, ಸಣ್ಣವಕ್ಕೆ ನೂರು ವರ್ಷದ ನೆರೆಯನ್ನೂ ಆಧಾರವಾಗಿ ಇಟ್ಟುಕೊಳ್ಳಬೇಕೆಂದು ಗೊತ್ತುಮಾಡಿತು.

ಕಲಿಸುವ ಮನೆಗಳು

ಲೆಕ್ಕ ಕಠಿಣವಾದಂತೆ ಅದನ್ನು ಕಲಿಸುವ ವ್ಯವಸ್ಥೆಯೂ ಬೇಕಾಯಿತು. ಯುನೆಸ್ಕೋ 1965ರಿಂದ 1974ರವರೆಗೆ ಅಂತರರಾಷ್ಟ್ರೀಯ ಜಲವಿಜ್ಞಾನ ದಶಕವನ್ನು ಆಚರಿಸಿತು. ಆ ಪ್ರೇರಣೆಯಿಂದ 1972ರಲ್ಲಿ ರೂರ್ಕಿ ವಿಶ್ವವಿದ್ಯಾಲಯದಲ್ಲಿ ಜಲವಿಜ್ಞಾನದ ಅಂತರರಾಷ್ಟ್ರೀಯ ಶಿಕ್ಷಣ ಆರಂಭವಾಯಿತು. ನಮ್ಮ ರಾಜ್ಯಗಳ ನೀರಾವರಿ ಇಲಾಖೆಗಳ ಇಂಜಿನಿಯರುಗಳ ಜೊತೆ ಏಷ್ಯಾ, ಆಫ್ರಿಕಾ ದೇಶಗಳವರೂ ಅಲ್ಲಿ ಬೆಂಚು ಹಂಚಿಕೊಂಡರು. 1978ರಲ್ಲಿ ಅದೇ ಊರಿನಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಪುಣೆಯ ರಾಷ್ಟ್ರೀಯ ಜಲ ಅಕಾಡೆಮಿ ಸೇವೆಯಲ್ಲಿರುವ ಇಂಜಿನಿಯರುಗಳಿಗೆ ತರಬೇತಿ ಕೊಡುತ್ತದೆ. ನಮ್ಮ ಧಾರವಾಡದಲ್ಲಿಯೂ ಜಲ ಮತ್ತು ನೆಲ ನಿರ್ವಹಣೆಗಾಗಿಯೇ ಒಂದು ಸಂಸ್ಥೆಯಿದೆ.

ಇಂಥ ತರಬೇತಿಯಲ್ಲಿ ಏನನ್ನು ಕಲಿಸಬೇಕು? ಇಂದು ಲೆಕ್ಕ ಮಾಡಲು ಕಂಪ್ಯೂಟರಿದೆ. ನಗರದ ಚರಂಡಿಗಳಿಗಾಗಿ ಅಮೆರಿಕದಲ್ಲಿ 1971ರಲ್ಲಿ ಸಿದ್ಧವಾದ ಗಣಕ ಮಾದರಿ ಇಂದಿಗೂ ಸುಧಾರಣೆಗೊಳ್ಳುತ್ತಾ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಗುಂಡಿ ಒತ್ತಿದರೆ ದಶಾಂಶದ ಮೂರು ಸ್ಥಾನಗಳವರೆಗೆ ಉತ್ತರ ಬರುತ್ತದೆ. ಅಪಾಯ ಇರುವುದೂ ಅಲ್ಲಿಯೇ. ಡಿಕೆನ್ಸನ 825 ಹೇಗೆ ಬಂತೆಂದು ಕೇಳದೆ ಬಳಸಿದ ಕಾಲವೊಂದಿತ್ತು. ಕಂಪ್ಯೂಟರಿನೊಳಗಿನ ಗುಣಕ ಎಲ್ಲಿಂದ ಬಂತೆಂದು ಕೇಳದಿದ್ದರೆ ಅದೇ ಕಾಲ ಬೇರೆ ವೇಷದಲ್ಲಿ ಮರಳಿ ಬಂದಂತೆ. ಆದ್ದರಿಂದಲೇ ಒಳ್ಳೆಯ ಶಿಕ್ಷಕರು ವಿದ್ಯಾರ್ಥಿಗಳನ್ನು ಹಳ್ಳದ ದಡಕ್ಕೆ ಕರೆದೊಯ್ಯುತ್ತಾರೆ. ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಊರಿನ ಹಿರಿಯರನ್ನು ಕೇಳಿಸುತ್ತಾರೆ. ಗುಡಿಯ ಗೋಡೆಯ ಮೇಲಿನ ನೀರಿನ ಗುರುತು, ಹಳ್ಳದ ಅಡ್ಡಳತೆ, ಇಳಿಜಾರು, ಇವುಗಳಿಂದ ಹರಿವನ್ನು ಲೆಕ್ಕ ಹಾಕಿಸಿ ಕಂಪ್ಯೂಟರಿನ ಉತ್ತರದೊಡನೆ ಹೋಲಿಸುತ್ತಾರೆ. ಎರಡೂ ತಾಳೆಯಾಗದಿದ್ದರೆ ಏಕೆಂದು ಹುಡುಕುವುದೇ ನಿಜವಾದ ಪಾಠ.

ಊರು ಬೆಳೆದಾಗ

ಈ ವಿದ್ಯೆ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ನಗರಗಳಿಗೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆಯಾಯಿತು. ಆ ನಗರದ ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರು ಮಳೆಗೆಂದು ರಚಿಸಲಾಗಿತ್ತು. ಆ ಅನುಭವದ ನಂತರ, 2010ರಲ್ಲಿ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ನಗರದ ನೆರೆಗಾಗಿಯೇ ಪ್ರತ್ಯೇಕ ಮಾರ್ಗಸೂಚಿಗಳನ್ನು ಹೊರಡಿಸಿತು. 2019ರಲ್ಲಿ ಮಳೆನೀರು ಚರಂಡಿಗಳ ರಚನೆಗೆ ಕೇಂದ್ರ ಸರಕಾರದ ಕೈಪಿಡಿ ಬಂದಿತು.

ಬೆಂಗಳೂರಿಗೆ ಸಮುದ್ರವಿಲ್ಲ, ದೊಡ್ಡ ನದಿಯೂ ಇಲ್ಲ. ಏಣಿನ ಮೇಲೆ ಕುಳಿತ ಊರು ಅದು. ಒಂದು ಕಡೆಯ ನೀರು ಅರ್ಕಾವತಿಗೆ, ಇನ್ನೊಂದು ಕಡೆಯದು ದಕ್ಷಿಣ ಪಿನಾಕಿನಿಗೆ. ಹಿಂದಿನವರು ಕಣಿವೆಗಳುದ್ದಕ್ಕೂ ಕೆರೆಗಳ ಸರಣಿ ಕಟ್ಟಿ, ಒಂದರ ಕೋಡಿಯ ನೀರು ಇನ್ನೊಂದಕ್ಕೆ ಹೋಗುವಂತೆ ರಾಜಕಾಲುವೆಗಳನ್ನು ಬಿಟ್ಟಿದ್ದರು. ಅಂಥ ಊರಿನ ಬಡಾವಣೆಗಳಲ್ಲಿ 2022ರ ಸೆಪ್ಟೆಂಬರಿನಲ್ಲಿ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಇದಕ್ಕೆ ಮಳೆ ಒಂದೇ ಕಾರಣವಲ್ಲ. 100 ಎಕರೆ ರಾಗಿ ಹೊಲವನ್ನು ನೆನೆಯಿರಿ. ಗಂಟೆಗೆ ಒಂದು ಅಂಗುಲ ಮಳೆ ಬಂದು ನೂರಕ್ಕೆ 30 ಪಾಲು ಹರಿದರೆ 30 ಕ್ಯೂಸೆಕ್. ಅದೇ ನೆಲ ತಾರಸಿ, ಕಾಂಕ್ರೀಟು, ಡಾಂಬರಾಗಿ ನೂರಕ್ಕೆ 80 ಪಾಲು ಹರಿದರೆ 80 ಕ್ಯೂಸೆಕ್. ಇಷ್ಟಕ್ಕೇ ಮುಗಿಯಲಿಲ್ಲ. ನಯವಾದ ನೆಲದ ಮೇಲೆ ನೀರು ಬೇಗ ಓಡುವುದರಿಂದ, ಮಲ್ವಾನಿ ಹೇಳಿದ ಆ ಹೊತ್ತು ಕಡಿಮೆಯಾಗುತ್ತದೆ. ಅಲ್ಪ ಹೊತ್ತಿನ ಮಳೆಯ ರಭಸ ಯಾವಾಗಲೂ ಹೆಚ್ಚು. ಗಂಟೆಗೆ ಎರಡು ಅಂಗುಲದ ರಭಸವಾದರೆ ಹರಿವು 160 ಕ್ಯೂಸೆಕ್. ಮೋಡ ಬದಲಾಗಲಿಲ್ಲ, ನೆರೆ ಮಾತ್ರ ಐದು ಪಟ್ಟಿಗೂ ಮಿಕ್ಕಿತು. ಆ ಹೊತ್ತಿಗೆ ರಾಜಕಾಲುವೆ ಒತ್ತುವರಿಯಾಗಿ ಅರ್ಧ ಉಳಿದಿದ್ದರೆ ನೀರು ಎಲ್ಲಿಗೆ ಹೋಗಬೇಕು? ಅದರ ಮೇಲೆ, ಭೂಮಿಯ ತಾಪ ಏರುತ್ತಿರುವಾಗ ಗಾಳಿ ಹೆಚ್ಚು ತೇವವನ್ನು ಹಿಡಿದಿಡುತ್ತದೆ, ರಭಸದ ಮಳೆಗಳು ಹೆಚ್ಚುತ್ತವೆ. ಹಿಂದಿನ ಐವತ್ತು ವರ್ಷದ ದಾಖಲೆಯಿಂದ ಮುಂದಿನ ಐವತ್ತು ವರ್ಷದ ನೆರೆಯನ್ನು ಹೇಳುವ ಪದ್ಧತಿಯೂ ಹೊಸದಾಗಿ ಪರೀಕ್ಷೆಗೆ ಒಳಗಾಗಬೇಕಾಗಿದೆ.

ಸಮಾಧಾನದ ಮಾತೂ ಇದೆ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಹುಟ್ಟಿದ ಕರ್ನಾಟಕದ ಪುಟ್ಟ ಘಟಕ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಅದು ಸ್ಥಾಪಿಸಿದೆ. ಶಂಶಾಬಾದಿನ ಒಂದು ಮಾಪಕವನ್ನು ನೆಚ್ಚಬೇಕಾಗಿದ್ದ ಕಾಲ ಹೋಯಿತು. ಇನ್ನು ಬೇಕಾದದ್ದು ಆ ಅಂಕಿಗಳನ್ನು ಓದಬಲ್ಲ, ಅನುಮಾನ ಬಂದಾಗ ಹಳ್ಳಕ್ಕಿಳಿದು ನೋಡಬಲ್ಲ, ಸಂಖ್ಯೆಯನ್ನು ಕಡಿಮೆ ಮಾಡೆಂಬ ಒತ್ತಾಯ ಬಂದಾಗ ಆಗದೆನ್ನಬಲ್ಲ ಜನ. ಅಂಥವರನ್ನು ತಯಾರು ಮಾಡಲು ಯಂತ್ರಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ನಿಮ್ಮ ಪಾಲಿನ ಕೆಲಸವೂ ಒಂದಿದೆ. ಮುಂದಿನ ಸಲ ನಿಮ್ಮ ಬಡಾವಣೆಯಲ್ಲಿ ಮೋರಿಯನ್ನೋ ಸೇತುವೆಯನ್ನೋ ಕಟ್ಟುವಾಗ ಮೂರು ಪ್ರಶ್ನೆ ಕೇಳಿ. ಎಷ್ಟು ರಭಸದ ಮಳೆಗೆ ಇದನ್ನು ರಚಿಸಿದ್ದೀರಿ? ಆ ಅಂಕಿ ಯಾವ ಮಾಪಕದಿಂದ, ಎಷ್ಟು ವರ್ಷದ ದಾಖಲೆಯಿಂದ ಬಂತು? ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ? ಕೇಳುವವರಿದ್ದಾರೆ ಎಂದು ಗೊತ್ತಾದರೆ ಲೆಕ್ಕ ಮಾಡುವವರು ಇನ್ನೊಮ್ಮೆ ಕೂಡಿ ನೋಡುತ್ತಾರೆ.